ಟೀವಿಯ ಬೆನ್ನು

ಮಂಗಳೂರಿನ ಮನೆಗಳಲ್ಲಿ ಟೀವಿಯ ಬೆನ್ನನ್ನು ಸರಿಯಾಗಿ ನೋಡಿದವರು ಕಡಿಮೆ. ಚಾವಡಿಯ ಶೋಕೇಸಿನ ನಡುವಿನ ದೊಡ್ಡ ಖಾನೆಯಲ್ಲಿ ಅದನ್ನು ಒಮ್ಮೆ ಕೂರಿಸಿದರೆ ಮುಗಿಯಿತು. ತಲೆಯ ಮೇಲೆ ಕ್ರೋಶಾ ಹಾಕಿದ ಬಟ್ಟೆ, ಅದರ ಮೇಲೆ ಮದುವೆಯ ಫೋಟೋ ಅಥವಾ ಮಗ ವಾಲಿಬಾಲ್ ಪಂದ್ಯದಲ್ಲಿ ಗೆದ್ದ ಕಪ್, ಹಿಂದೆ ಗೋಡೆ. ಆ ಬೆನ್ನಿಗೆ ಬೆಳಕು ಬೀಳುವುದು ಚೌತಿಗೋ ದೀಪಾವಳಿಗೋ ಮನೆ ಗುಡಿಸುವಾಗ, ಇಲ್ಲವೇ ರಿಪೇರಿಯವರು ಬಂದಾಗ. ನನಗೆ ಮಾತ್ರ ಸಣ್ಣಂದಿನಿಂದ ಆ ಬೆನ್ನೇ ಇಷ್ಟ. ಬಿಸಿಯಾದ ಧೂಳಿನ ವಾಸನೆ, ಗಾಳಿಯಾಡಲು ಬಿಟ್ಟ ಸಾಲು ಸಾಲು ಸೀಳುಗಳು, ಅವುಗಳ ಮೂಲಕ ಇಣುಕಿದರೆ ಪಿಕ್ಚರ್ ಟ್ಯೂಬಿನ ಕುತ್ತಿಗೆಯಲ್ಲಿ ಕಾಣುವ ಕಿತ್ತಳೆ ಬಣ್ಣದ ಸಣ್ಣ ಬೆಳಕು. ಮುಂದೆ ರಾಮಾಯಣ ನಡೆಯುತ್ತಿದ್ದರೂ ಹಿಂದೆ ಆ ಬೆಳಕನ್ನು ನೋಡುತ್ತ ನಿಲ್ಲುತ್ತಿದ್ದೆ.

ಹಳೆಯ ಟೀವಿಯ ವಯಸ್ಸನ್ನು ಬೆನ್ನಿನ ತೂತುಗಳೇ ಹೇಳುತ್ತವೆ. ಬರೇ ಆಂಟೆನಾದ ಒಂದು ತೂತು ಇದ್ದರೆ ಅದು ಎಂಬತ್ತರ ದಶಕದ್ದು. ಪಕ್ಕದಲ್ಲಿ ಹಳದಿ ಮತ್ತು ಬಿಳಿ ಬಂದರೆ ತೊಂಬತ್ತರದ್ದು. ನಾಲ್ಕು ಸೂಜಿಗಣ್ಣುಗಳ ದುಂಡನೆಯ ತೂತೊಂದು, ಅಂದರೆ ಎಸ್-ವಿಡಿಯೋ, ಇದ್ದರೆ ಸ್ವಲ್ಪ ಹೆಚ್ಚಿನ ಬೆಲೆಯ ಸೆಟ್ಟು. ಹಸಿರು, ನೀಲಿ, ಕೆಂಪು ಎಂದು ಮೂರು ತೂತುಗಳು ಒಟ್ಟಿಗೆ ಇದ್ದು ಮೇಲೆ 'ಡಿವಿಡಿ ಇನ್' ಅಥವಾ 'ಕಾಂಪೊನೆಂಟ್' ಎಂದು ಬರೆದಿದ್ದರೆ, ಅದು 2000ದ ಆಚೀಚೆಯದು, ದಪ್ಪ ಗಾಜಿನ ಟೀವಿಗಳ ಕೊನೆಯ ತಲೆಮಾರಿನದು. ಆ ತಲೆಮಾರಿನ ಲಕ್ಷಗಟ್ಟಲೆ ಸೆಟ್ಟುಗಳು ನಮ್ಮ ಮನೆಗಳಿಗೆ ಬಂದವು, ಹತ್ತು ಹದಿನೈದು ವರ್ಷ ಓಡಿದವು, ಗುಜರಿಗೆ ಹೋದವು. ಆ ಮೂರು ತೂತುಗಳಲ್ಲಿ ಒಂದು ಪಿನ್ನನ್ನೂ ಕಾಣದೆಯೇ ಹೋದವು. ನಾವೆಲ್ಲ ಹಳದಿಯಲ್ಲೇ ನಿಂತೆವು. ಡಿವಿಡಿ ಪ್ಲೇಯರಿನ ಪೆಟ್ಟಿಗೆಯಲ್ಲಿ ಹಳದಿ ವಯರು ಬಂದಿತ್ತು, ಗೇಮಿನ ಪೆಟ್ಟಿಗೆಯಲ್ಲೂ ಅದೇ ಬಂದಿತ್ತು, ಚುಚ್ಚಿದೆವು, ಚಿತ್ರ ಬಂತು, ಸಾಕು. ಚಿತ್ರ ಮಸುಕಾಗಿದ್ದರೆ ಟೀವಿ ಹಳತು ಎಂದೆವು. ವಯರಿನ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ. ಹಳೆಯ ಟೀವಿಯ ಕಣ್ಣು ಚೆನ್ನಾಗಿತ್ತು, ಅದಕ್ಕೆ ನಾವು ಕೊಟ್ಟ ದಾರಿ ಇಕ್ಕಟ್ಟಾಗಿತ್ತು.

ಬೆಂಗಳೂರಿನಲ್ಲಿರುವ ಅಕ್ಕನ ಮಗ ಈ ಸಲ ಬೇಸಿಗೆ ರಜೆಗೆ ಬಂದವನು ಅಟ್ಟದ ಪೆಟ್ಟಿಗೆಯಿಂದ ತನ್ನ ಅಣ್ಣನ ಕಾಲದ ಪ್ಲೇಸ್ಟೇಷನ್-2 ಅನ್ನು ಹುಡುಕಿ ತೆಗೆದ. ಜೊತೆಯಲ್ಲಿ ಇ.ಎ. ಕಂಪೆನಿಯ 'ಕ್ರಿಕೆಟ್ 07' ಡಿಸ್ಕೂ ಇತ್ತು. ಗೋಡೆಗೆ ಹೊಡೆದ ಹೊಸ ತೆಳು ಟೀವಿಗೆ ಹಳದಿ ವಯರಿನಿಂದ ಜೋಡಿಸಿ ಅರ್ಧ ಗಂಟೆ ಆಡಿದವನು ಬೇಸರದಲ್ಲಿ ಬಂದ. "ಮಾವ, ಇದು ಹಾಳಾಗಿದೆ ಅನಿಸ್ತದೆ. ಪ್ಲೇಯರ್‌ಗಳ ಮುಖವೇ ಇಲ್ಲ. ಮತ್ತೆ ನಾನು ಬ್ಯಾಟ್ ಬೀಸಿದ ಮೇಲೆ ಅವನು ಬೀಸ್ತಾನೆ."

ಅವನ ಎರಡನೆಯ ದೂರು ನನಗೆ ಹೆಚ್ಚು ಖುಷಿ ಕೊಟ್ಟಿತು, ಏಕೆಂದರೆ ಅದು ಅಕ್ಷರಶಃ ನಿಜ. ತೆಳು ಟೀವಿ ತನಗೆ ಬಂದ ಚಿತ್ರವನ್ನು ಕೂಡಲೇ ತೋರಿಸುವುದಿಲ್ಲ. ಹಳೆಯ ಯಂತ್ರ ಕಳಿಸುವುದು ಅರ್ಧರ್ಧ ಚಿತ್ರ: ಮೊದಲು ಒಂದು, ಮೂರು, ಐದನೆಯ ಗೆರೆಗಳು, ಆಮೇಲೆ ಎರಡು, ನಾಲ್ಕು, ಆರನೆಯವು. ತೆಳು ಟೀವಿ ಅವನ್ನು ಹಿಡಿದಿಟ್ಟುಕೊಂಡು ಹೊಲಿದು, ತನ್ನ ಲಕ್ಷಾಂತರ ಚುಕ್ಕಿಗಳ ಅಳತೆಗೆ ಹಿಗ್ಗಿಸಿ, ಅಂಚು ತಿದ್ದಿ ಆಮೇಲೆ ಎದುರಿಗೆ ಇಡುತ್ತದೆ. ಸಿನಿಮಾ ನೋಡುವವನಿಗೆ ಆ ತಡ ಗೊತ್ತೇ ಆಗುವುದಿಲ್ಲ. ಶೋಯೆಬ್ ಅಖ್ತರನ ಚೆಂಡಿಗೆ ಬ್ಯಾಟು ಬೀಸಬೇಕಾದವನಿಗೆ ಆ ಒಂದು ಕ್ಷಣದಲ್ಲಿ ವಿಕೆಟ್ ಹೋಗಿರುತ್ತದೆ. ದಪ್ಪ ಟೀವಿಯಲ್ಲಿ ಈ ಹಿಡಿದಿಟ್ಟುಕೊಳ್ಳುವ ಕೆಲಸವೇ ಇಲ್ಲ. ವಯರಿನಲ್ಲಿ ಈಗ ಬಂದ ಗೆರೆಯನ್ನು ಈಗಲೇ ಗಾಜಿನ ಮೇಲೆ ಎಳೆಯುತ್ತದೆ.

"ಹಾಳಾದ್ದಲ್ಲ ಪುಟ್ಟ, ಮಾಳಿಗೆಗೆ ಬಾ" ಎಂದೆ.

ಮಾಳಿಗೆಯ ಕೋಣೆಯಲ್ಲಿ ದೊಡ್ಡ ಭಾವ ದುಬೈಯಿಂದ ತಂದಿದ್ದ 29 ಇಂಚಿನ ಸೋನಿ ಟ್ರಿನಿಟ್ರಾನ್ ಇತ್ತು. ಈ ಟೀವಿಗಳ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ದೊಡ್ಡ ಚಿತ್ರದ ಆಸೆ ನಮ್ಮ ಊರಿಗೆ ಬಂದದ್ದೇ ಗಲ್ಫಿನ ದಾರಿಯಲ್ಲಿ. ನಮ್ಮ ಬಜ್ಪೆ ವಿಮಾನ ನಿಲ್ದಾಣದಿಂದ ನೇರವಾಗಿ ದುಬೈಗೆ ವಿಮಾನ ಹಾರತೊಡಗಿದ್ದು 2006ರಲ್ಲಿ. ಅದಕ್ಕೆ ಮೊದಲು ಗಲ್ಫಿನವರು ಹೆಚ್ಚಾಗಿ ಮುಂಬೈಯಲ್ಲಿ ಇಳಿದು, ಕಸ್ಟಮ್ಸ್ ದಾಟಿ, ರಾತ್ರಿ ಬಸ್ಸಿನಲ್ಲಿ ಅಥವಾ 1998ರ ಬಳಿಕ ಕೊಂಕಣ ರೈಲಿನಲ್ಲಿ ಊರು ಸೇರಬೇಕಿತ್ತು. ನೈಲಾನ್ ಹಗ್ಗ ಬಿಗಿದು, ಮೇಲೆ ದಪ್ಪ ಅಕ್ಷರದಲ್ಲಿ ಹೆಸರೂ ಊರೂ ಬರೆದ ಆ ದೊಡ್ಡ ರಟ್ಟಿನ ಪೆಟ್ಟಿಗೆಗಳು ಅಷ್ಟು ದೂರ ಬಂದವು. ಕಂಕನಾಡಿಯ ಮನೆಗೂ ಬಂದವು, ಬಂದರಿನ ಮನೆಗೂ ಬಂದವು, ಉಳ್ಳಾಲ, ಸುರತ್ಕಲ್, ಮೂಲ್ಕಿಗೂ ಹೋದವು. ನಮ್ಮ ಸೆಟ್ಟನ್ನು ಮಾಳಿಗೆಗೆ ಏರಿಸಲು ನಾಲ್ಕು ಜನ ಬೇಕಾಗಿತ್ತು.

ಗಲ್ಫಿನ ಸೆಟ್ಟುಗಳಿಗೆ ಒಂದು ವಿಶೇಷವಿತ್ತು. ಅಲ್ಲಿ ಹಲವು ದೇಶಗಳ ಜನ ಇದ್ದರು, ಹಲವು ದೇಶಗಳ ಕ್ಯಾಸೆಟ್ಟುಗಳಿದ್ದವು, ಅಕ್ಕಪಕ್ಕದ ದೇಶಗಳ ಪ್ರಸಾರದ ಪದ್ಧತಿಗಳೂ ಬೇರೆ ಬೇರೆ ಇದ್ದವು. ಹಾಗಾಗಿ ಅಲ್ಲಿ ಮಾರುವ ಟೀವಿಗೆ ಪಾಲ್, ಎನ್‌ಟಿಎಸ್‌ಸಿ, ಸೆಕಾಮ್ ಮೂರೂ ಗೊತ್ತಿರಬೇಕಿತ್ತು. ಮುಂಭಾಗದಲ್ಲಿ 'ಮಲ್ಟಿ ಸಿಸ್ಟಂ' ಎಂಬ ಸ್ಟಿಕ್ಕರು ಇರುತ್ತಿತ್ತು, ಅದನ್ನು ಕೀಳದೆ ವರ್ಷಗಟ್ಟಲೆ ಉಳಿಸಿಕೊಂಡ ಮನೆಗಳನ್ನು ನಾನು ಬಲ್ಲೆ. ಬೆನ್ನಿನಲ್ಲಿ ತೂತುಗಳೂ ಧಾರಾಳ. ಗೇಮ್ ಆಡುವವನಿಗೆ ಇದಕ್ಕಿಂತ ಒಳ್ಳೆಯ ಟೀವಿ ಸಿಗುವುದು ಕಷ್ಟ, ಮತ್ತು ಅಂಥವು ಈ ಕರಾವಳಿಯ ಎಷ್ಟೋ ಮಾಳಿಗೆಗಳಲ್ಲಿ ಹೊದಿಕೆ ಹೊದ್ದು ಕೂತಿವೆ.

ಟ್ರಿನಿಟ್ರಾನನ್ನು ಸೋನಿ ಹೊರತಂದದ್ದು 1968ರಲ್ಲಿ. ಗಾಜಿನ ಹಿಂದೆ ಬಣ್ಣಗಳನ್ನು ಬೇರ್ಪಡಿಸಲು ಬೇರೆಯವರು ತೂತುಗಳಿರುವ ತಗಡನ್ನು ಇಟ್ಟರೆ, ಇವರು ಮೇಲಿನಿಂದ ಕೆಳಗೆ ಬಿಗಿದ ಸಪೂರ ಉಕ್ಕಿನ ಪಟ್ಟಿಗಳನ್ನು ಇಟ್ಟರು. ಬೆಳಕು ಹೆಚ್ಚು ದಾಟಿತು, ಚಿತ್ರ ಕಳೆಗಟ್ಟಿತು. ಆದರೆ ಬಿಗಿದ ಪಟ್ಟಿ ಕಂಪಿಸುತ್ತದೆ. ಕಂಪಿಸದಂತೆ ಅಡ್ಡಲಾಗಿ ಒಂದೋ ಎರಡೋ ಕೂದಲೆಳೆಯಂಥ ತಂತಿ ಬಿಗಿಯುತ್ತಾರೆ. ಬಿಳಿಯ ಪರದೆಯಲ್ಲಿ ಕಣ್ಣಿಟ್ಟು ನೋಡಿದರೆ ಅವುಗಳ ನೆರಳು ತೆಳು ಗೆರೆಗಳಾಗಿ ಕಾಣುತ್ತದೆ. ಅದನ್ನು ದೋಷವೆಂದು ತಿಳಿದು ಟೀವಿಯನ್ನು ಅಗ್ಗಕ್ಕೆ ಕೊಟ್ಟವರಿದ್ದಾರೆ. ನನ್ನ ಮಟ್ಟಿಗೆ ಅದು ಟ್ರಿನಿಟ್ರಾನ್ ಎಂಬುದಕ್ಕೆ ಮೊಹರು.

ಮಾಳಿಗೆಯ ಟೀವಿಗೆ ಮೊದಲು ಹಳದಿ ವಯರನ್ನೇ ಚುಚ್ಚಿದೆವು. ಬ್ಯಾಟು ಬೀಸುವ ತಡ ಹೋಯಿತು, ಹುಡುಗನ ಮುಖ ಅರಳಿತು. ಆದರೆ ಚಿತ್ರ ಇನ್ನೂ ಕದಡಿಯೇ ಇತ್ತು. ಕೆಂಪು ಅಕ್ಷರಗಳ ಅಂಚಿನಲ್ಲಿ ಇರುವೆ ಹರಿದ ಹಾಗೆ ಚುಕ್ಕಿಗಳು, ಹಸಿರು ಮೈದಾನದ ಬಣ್ಣ ಬಿಳಿ ಪ್ಯಾಂಟಿನೊಳಗೆ. ಇದು ಏಕೆ ಹೀಗೆ ಎಂಬುದಕ್ಕೆ ಒಂದು ಚರಿತ್ರೆಯುಂಟು, ಮತ್ತು ಅದು ನನಗೆ ಬಹಳ ಪ್ರೀತಿಯ ಚರಿತ್ರೆ.

ಟೀವಿ ಮೊದಲು ಕಪ್ಪುಬಿಳುಪಿನದು. ಬಣ್ಣ ಬಂದಾಗ, ಆಗಲೇ ಮನೆಗಳಲ್ಲಿದ್ದ ಕಪ್ಪುಬಿಳುಪು ಸೆಟ್ಟುಗಳನ್ನು ಕೈಬಿಡಲು ಸಾಧ್ಯವಿರಲಿಲ್ಲ. ಅಮೆರಿಕದವರು 1953ರಲ್ಲಿ ಒಂದು ಉಪಾಯ ಒಪ್ಪಿಕೊಂಡರು: ಬೆಳಕು ಎಷ್ಟು ಎಂಬ ಹಳೆಯ ಸಂಕೇತವನ್ನು ಹಾಗೆಯೇ ಬಿಟ್ಟು, ಬಣ್ಣದ ವಿವರವನ್ನು ಅದೇ ಸಂಕೇತದ ಒಳಗೆ, ಮೇಲ್ತುದಿಯಲ್ಲಿ, ಸೇರಿಸಿ ಕಳಿಸುವುದು. ಹಳೆಯ ಸೆಟ್ಟು ಬಣ್ಣವನ್ನು ಗಮನಿಸದೆ ಕಪ್ಪುಬಿಳುಪು ತೋರಿಸಲಿ, ಹೊಸ ಸೆಟ್ಟು ಎರಡನ್ನೂ ಬಿಡಿಸಿಕೊಳ್ಳಲಿ. ಜರ್ಮನಿಯ ಟೆಲಿಫುಂಕೆನ್ ಕಂಪೆನಿಯ ವಾಲ್ಟರ್ ಬ್ರೂಖ್ ಇದನ್ನು ತಿದ್ದಿ ಪಾಲ್ ಪದ್ಧತಿ ಮಾಡಿದರು. ಗೆರೆ ಬಿಟ್ಟು ಗೆರೆಗೆ ಬಣ್ಣದ ಸಂಕೇತವನ್ನು ತಿರುವು ಮಾಡಿ, ದಾರಿಯಲ್ಲಿ ಆದ ತಪ್ಪು ತಾನೇ ಸರಿಹೋಗುವಂತೆ ಮಾಡಿದ ಅದ್ಭುತ ಬುದ್ಧಿ ಅದು. 1982ರ ಆಗಸ್ಟ್ 15ರಂದು ದೂರದರ್ಶನ ಬಣ್ಣಕ್ಕೆ ತಿರುಗಿದಾಗ, ಆ ವರ್ಷದ ಕೊನೆಯಲ್ಲಿ ದಿಲ್ಲಿಯಲ್ಲಿ ಏಷ್ಯನ್ ಗೇಮ್ಸ್ ನಡೆದಾಗ, ನಮಗೆ ಬಂದದ್ದು ಇದೇ ಪಾಲ್. 625 ಗೆರೆ, ಸೆಕೆಂಡಿಗೆ 50 ಅರ್ಧಚಿತ್ರ, ಬಣ್ಣಕ್ಕೆ 4.43 ಮೆಗಾಹರ್ಟ್ಸಿನಲ್ಲಿ ಒಂದು ಜಾಗ. ಆಗ ಈ ದೇಶದ ಬಹುಪಾಲು ಸೆಟ್ಟುಗಳು ಕಪ್ಪುಬಿಳುಪಿನವು. ಅವುಗಳಲ್ಲಿ ಒಂದೂ ಆ ದಿನ ಕುರುಡಾಗಲಿಲ್ಲ. ಇಷ್ಟು ಉದಾರವಾದ ಎಂಜಿನಿಯರಿಂಗ್ ಅನ್ನು ನಾನು ಇನ್ನೊಂದು ಕಂಡಿಲ್ಲ.

ಆದರೆ ಗಾಳಿಯಲ್ಲಿ ಬಹುದೂರ ಹೋಗಬೇಕಾದ ಸಂಕೇತಕ್ಕೆ ಮಾಡಿಕೊಂಡ ಈ ರಾಜಿ, ಆಟದ ಯಂತ್ರದಿಂದ ಟೀವಿಗೆ ಹೋಗುವ ಎರಡು ಮೀಟರಿನ ವಯರಿಗೆ ಏಕೆ ಬೇಕು? ಹಳದಿ ಪಿನ್ನಿನಲ್ಲಿ ಹೋಗುವುದು ಅದೇ ಬೆರಕೆ ಸಂಕೇತ. ಒಂದೇ ಮೈಕಿನಲ್ಲಿ ಭಾಗವತರ ಪದವನ್ನೂ ಚೆಂಡೆಯನ್ನೂ ಒಟ್ಟಿಗೆ ಹಿಡಿದು, ಆಮೇಲೆ ಮನೆಯಲ್ಲಿ ಕುಳಿತು ಎರಡನ್ನೂ ಬಿಡಿಸಲು ಹೊರಟಂತೆ ಟೀವಿ ಒದ್ದಾಡುತ್ತದೆ. ಬೆಳಕಿನ ಸೂಕ್ಷ್ಮ ವಿವರ ಸ್ವಲ್ಪ ಬಣ್ಣದ ಪಾಲಿಗೆ ಹೋಗುತ್ತದೆ, ಬಣ್ಣ ಸ್ವಲ್ಪ ಬೆಳಕಿನ ಪಾಲಿಗೆ. ವಾರ್ತೆ ಓದುವವರು ಸಣ್ಣ ಚೌಕುಳಿಯ ಅಂಗಿ ಹಾಕಿದ ದಿನ ಅದರ ಮೇಲೆ ಕಾಮನಬಿಲ್ಲು ಆಡುತ್ತಿದ್ದದ್ದು ನೆನಪಿರಬಹುದು. ಅಂಗಿಯ ಗೆರೆಗಳನ್ನು ಟೀವಿ ಬಣ್ಣವೆಂದು ತಿಳಿಯುತ್ತಿತ್ತು. ಎಸ್-ವಿಡಿಯೋ ಬಂದದ್ದು ಇದನ್ನು ತಪ್ಪಿಸಲಿಕ್ಕೆ. ಅದರಲ್ಲಿ ಬೆಳಕಿಗೆ ಒಂದು ತಂತಿ, ಬಣ್ಣಕ್ಕೆ ಒಂದು. ಕಾಂಪೊನೆಂಟ್ ಇನ್ನೂ ಒಂದು ಹೆಜ್ಜೆ ಮುಂದೆ. ಬೆಳಕಿಗೆ ಒಂದು, ನೀಲಿಗೂ ಬೆಳಕಿಗೂ ಇರುವ ವ್ಯತ್ಯಾಸಕ್ಕೆ ಒಂದು, ಕೆಂಪಿಗೂ ಬೆಳಕಿಗೂ ಇರುವ ವ್ಯತ್ಯಾಸಕ್ಕೆ ಒಂದು. ಹಸಿರಿನ ಲೆಕ್ಕ ಈ ಮೂರರಿಂದಲೇ ಸಿಗುತ್ತದೆ.

ಪ್ಲೇಸ್ಟೇಷನ್-2ರ ಬೆನ್ನಿನಲ್ಲಿರುವ ಉದ್ದನೆಯ ಸಾಕೆಟ್ಟಿನಲ್ಲಿ ಇವೆಲ್ಲವೂ ಉಂಟು. ಯಾವ ವಯರು ಚುಚ್ಚುತ್ತೇವೋ ಅದು ಕೊಡುತ್ತದೆ. ಸೋನಿ ಈ ಸಾಕೆಟ್ಟನ್ನು ಬದಲಿಸದೆ ಪ್ಲೇಸ್ಟೇಷನ್-3ರಲ್ಲೂ ಇಟ್ಟಿತು, ಹಾಗಾಗಿ 3ಕ್ಕೆಂದು ಮಾಡಿದ ಕಾಂಪೊನೆಂಟ್ ಕೇಬಲು 2ಕ್ಕೂ ಆಗುತ್ತದೆ. ಹಂಪನಕಟ್ಟೆಯ ಅಂಗಡಿಗಳಲ್ಲಿ ಎಚ್‌ಡಿಎಂಐ ಕೇಳಿದರೆ ಹತ್ತು ಬಗೆ ತೋರಿಸುತ್ತಾರೆ, ಇದನ್ನು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. ಕೊನೆಗೆ ಒಂದು ಸಣ್ಣ ಅಂಗಡಿಯ ಹಿರಿಯರು ಏಣಿ ಇಟ್ಟು ಮೇಲಿನ ಖಾನೆಯಿಂದ ಪ್ಲಾಸ್ಟಿಕ್ ಹಳದಿಗಟ್ಟಿದ ಒಂದು ಪೊಟ್ಟಣ ಇಳಿಸಿದರು. "ಇದನ್ನು ಕೇಳಿದವರು ನೀವೇ ಮಾರಾಯ್ರೆ, ಇದು ಬಂದು ಎಷ್ಟು ವರ್ಷ ಆಯ್ತೋ. ಧೂಳು ನಾನು ಒರೆಸಿ ಕೊಡ್ತೇನೆ." ಅವರು ನಿಜಕ್ಕೂ ಒರೆಸಿಯೇ ಕೊಟ್ಟರು.

ಮನೆಗೆ ಬಂದು ಚುಚ್ಚಿದರೆ ಚಿತ್ರ ಒಮ್ಮೆ ಇರುತ್ತದೆ, ಒಮ್ಮೆ ಇಲ್ಲ. ಮೂರು ಜಾಕುಗಳ ಒಳಗೂ ಹಸಿರು ಕಿಲುಬು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಮಳೆ ಇಲ್ಲದಾಗ ಕಡಲಿನ ಉಪ್ಪುಗಾಳಿ ಬೀಸುವ ಊರು ಇದು. ತಾಮ್ರವೂ ಹಿತ್ತಾಳೆಯೂ ಇಲ್ಲಿ ಬೇಗ ಸೋಲುತ್ತವೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಳಗೆ ತಿರುಗಿಸಿದರೆ ಅರ್ಧ ಸರಿಯಾಯಿತು. ಉಳಿದ ಅರ್ಧಕ್ಕೆ ರಿಪೇರಿಯವರೇ ಬೇಕಾಯಿತು.

ಬಂದವರು ನಮ್ಮ ಬೀದಿಯ ಹಳಬರು, ಕಪ್ಪುಬಿಳುಪು ಸೆಟ್ಟುಗಳ ಕಾಲದಿಂದ ಬೆಸುಗೆ ಹಾಕಿದವರು. ಹಿಂದಿನ ಮುಚ್ಚಳ ಬಿಚ್ಚಿದ ಕೂಡಲೇ ಅವರು ಮಾಡಿದ ಮೊದಲ ಕೆಲಸ ಟ್ಯೂಬಿನ ಚಾರ್ಜ್ ಇಳಿಸಿದ್ದು. ಸ್ಕ್ರೂಡ್ರೈವರಿಗೆ ಒಂದು ತಂತಿ ಕಟ್ಟಿ, ತಂತಿಯ ಇನ್ನೊಂದು ತುದಿಯನ್ನು ಟ್ಯೂಬಿನ ಮೇಲಿನ ಭೂಮಿ ತಂತಿಗೆ ಸಿಕ್ಕಿಸಿ, ಟ್ಯೂಬಿನ ಬದಿಯ ರಬ್ಬರು ಟೋಪಿಯ ಅಡಿಗೆ ಮೆಲ್ಲ ತಳ್ಳಿದರು. ಟಪ್ ಎಂದಿತು. ಆ ಟೋಪಿಯ ಅಡಿ 20ರಿಂದ 30 ಸಾವಿರ ವೋಲ್ಟ್ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಉಳಿದಿರಬಹುದು. ಇದನ್ನು ಬಲ್ಲವರ ಹೊರತು ಬೇರೆ ಯಾರೂ, ಎಷ್ಟೇ ಆಸೆಯಿದ್ದರೂ, ಆ ಮುಚ್ಚಳ ಬಿಚ್ಚಬಾರದು. ನನ್ನ ಆಸಕ್ತಿಯೆಲ್ಲ ಬೆನ್ನಿನ ಹೊರಗೇ ನಿಂತಿದೆ, ಹುಡುಗನಿಗೂ ಅದನ್ನೇ ಹೇಳಿಕೊಟ್ಟೆ.

"ಡ್ರೈ ಸೋಲ್ಡರ್" ಎಂದರು ಅವರು, ಬೋರ್ಡಿಗೆ ಟಾರ್ಚು ಹಿಡಿದು. ಜಾಕಿನ ಕಾಲುಗಳ ಸುತ್ತ ಕೂದಲಿನಷ್ಟು ಸಪೂರ ಉಂಗುರದ ಹಾಗೆ ಬಿರುಕು. "ಎಳೆದು ಎಳೆದು ಸೋಲ್ಡರ್ ಬಿಟ್ಟಿದೆ, ಅಷ್ಟೇ. ಟ್ಯೂಬ್ ವೀಕ್ ಆಗ್ಲಿಲ್ಲ, ನೋಡಿ, ಇನ್ನೂ ಹೊಸದರ ಹಾಗೆ ಉಂಟು. ಇದನ್ನು ಎಂತಕ್ಕೆ ಮೇಲೆ ಇಟ್ಟದ್ದು ನೀವು?" ಬೆಸುಗೆ ಹಾಕಿ, ಎಲ್‌ಓಟಿ ಎಂಬ ಟ್ರಾನ್ಸ್‌ಫಾರ್ಮರಿನ ಮೇಲಿನ ಫೋಕಸ್ ಗುಂಡಿಯನ್ನು ಒಂದಿಷ್ಟೇ ತಿರುಗಿಸಿದರು. ತೇವದಲ್ಲಿ ವರ್ಷಗಟ್ಟಲೆ ಇದ್ದ ಸೆಟ್ಟುಗಳಲ್ಲಿ ಫೋಕಸ್ ಜಾರುತ್ತದಂತೆ. ತಿರುಗಿಸುತ್ತಿದ್ದ ಹಾಗೆ ಪರದೆಯ ಗೆರೆಗಳು ಒಂದೊಂದಾಗಿ ಬಿಡಿಬಿಡಿಯಾದವು.

ಅವರು ಹೋದ ಮೇಲೆ ಹುಡುಗನಿಗೆ ಒಂದು ಪ್ರಯೋಗ ಮಾಡಿಸಿದೆ. ಮೊದಲು ಹಳದಿ ವಯರಿನಲ್ಲೇ ಯಂತ್ರವನ್ನು ಡಿಸ್ಕಿಲ್ಲದೆ ಶುರು ಮಾಡಿ, ಸಿಸ್ಟಂ ಕಾನ್ಫಿಗರೇಷನ್ನಿಗೆ ಹೋಗಿ, ಕಾಂಪೊನೆಂಟ್ ವಿಡಿಯೋ ಔಟ್ ಎಂಬಲ್ಲಿ ಆರ್‌ಜಿಬಿ ಇದ್ದುದನ್ನು ವೈ-ಸಿಬಿ-ಸಿಆರ್ ಮಾಡಿಸಿದೆ. ಇದನ್ನು ಮೊದಲೇ ಮಾಡದಿದ್ದರೆ ಹೊಸ ಕೇಬಲಿನಲ್ಲಿ ಸರಿಯಾದ ಚಿತ್ರವೇ ಬರುವುದಿಲ್ಲ, ಎಷ್ಟೋ ಜನ ಕೇಬಲು ಹಾಳು ಎಂದು ಎಸೆಯುವುದು ಇಲ್ಲಿಯೇ. ಆಮೇಲೆ ಡಿಸ್ಕು ಹಾಕಿಸಿ, ಕೇಬಲು ಬದಲಿಸಿ, ಹಸಿರು ಪಿನ್ನೊಂದನ್ನೇ ಚುಚ್ಚು ಎಂದೆ.

ಚುಚ್ಚಿದ. ಪರದೆಯ ಮೇಲೆ ಕಪ್ಪುಬಿಳುಪು ಚಿತ್ರ. ಎಷ್ಟು ಸ್ಫುಟ ಎಂದರೆ ಮೈದಾನದ ಹುಲ್ಲಿನ ಪಟ್ಟೆಗಳನ್ನು ಎಣಿಸಬಹುದಿತ್ತು.

"ಹಸಿರು ಹಾಕಿದ್ರೆ ಹಸಿರು ಬರ್ಬೇಕಲ್ವಾ ಮಾವ?"

"ಪಿನ್ನಿನ ಬಣ್ಣ ಬರೇ ಗುರುತಿಗೆ. ಅದರಲ್ಲಿ ಹೋಗುವುದು ಬೆಳಕು. ಅಜ್ಜನ ಮನೆಯ ಟೀವಿ ನೋಡ್ತಿದ್ದದ್ದು ಇಷ್ಟನ್ನೇ. ಈಗ ನೀಲಿ ಹಾಕು."

ನೀಲಿ ಹಾಕಿದ. ಆಕಾಶ ನೀಲಿಯಾಯಿತು, ಹುಲ್ಲು ವಿಚಿತ್ರ ಹಳದಿಗೆ ತಿರುಗಿತು, ಮುಖಗಳಿಗೆ ಕಾಯಿಲೆಯವರ ಬಣ್ಣ. ಕೊನೆಗೆ ಕೆಂಪು ಪಿನ್ನನ್ನು ತಳ್ಳಿದಾಗ ಎಲ್ಲ ಬಣ್ಣಗಳೂ ಒಂದೇ ಸಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಆಟಗಾರರಿಗೆ ಮುಖ ಬಂತು. ಅಂಗಿಯ ಮೇಲಿನ ಹೆಸರು ಓದಲು ಬಂತು. ಹುಡುಗ ಮೂರೂ ಪಿನ್ನುಗಳನ್ನು ತೆಗೆದು ಮತ್ತೆ ಒಂದೊಂದಾಗಿ ಚುಚ್ಚಿದ, ಮತ್ತೆ ತೆಗೆದ. ಕ್ರಿಕೆಟ್ ಆಡುವುದು ಮರೆತೇ ಹೋಗಿತ್ತು. ನನಗೆ ಶಾಲೆಯಲ್ಲಿ ಬೆಳಕಿನ ಪಾಠವನ್ನು ಯಾರಾದರೂ ಹೀಗೆ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅನಿಸಿತು.

ಇನ್ನೊಂದು ಲಾಭವನ್ನೂ ಹೇಳಬೇಕು. ಅಮೆರಿಕದಿಂದ ಬಂಧುಗಳು ತಂದುಕೊಟ್ಟ ಆಟದ ಯಂತ್ರ ಕೆಲವು ಮನೆಗಳಲ್ಲಿರುತ್ತದೆ. ಹಳದಿ ವಯರಿನಲ್ಲಿ ಪಾಲ್ ಮಾತ್ರ ಗೊತ್ತಿರುವ ಟೀವಿಗೆ ಚುಚ್ಚಿದರೆ ಕಪ್ಪುಬಿಳುಪು ಬರುತ್ತದೆ, ಏಕೆಂದರೆ ಬಣ್ಣ ಕಟ್ಟಿದ ಪದ್ಧತಿ ಬೇರೆ. ಕಾಂಪೊನೆಂಟಿನಲ್ಲಿ ಬಣ್ಣವನ್ನು ಹಾಗೆ ಕಟ್ಟುವ ಕೆಲಸವೇ ಇಲ್ಲವಾದ್ದರಿಂದ, ಸೆಕೆಂಡಿಗೆ 60ರ ಲಯವನ್ನು ಟೀವಿ ಹಿಡಿದರೆ ಸಾಕು, ಬಣ್ಣ ಬಂದೇ ಬರುತ್ತದೆ. ಯಂತ್ರಕ್ಕೆ ಮಾತ್ರ 120 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರು ಬೇಕು, ನೇರವಾಗಿ ನಮ್ಮ ಪ್ಲಗ್ಗಿಗೆ ಹಾಕಿದರೆ ಸುಟ್ಟುಹೋದೀತು.

ಚಿತ್ರ ಬಂದ ಮೇಲೆ ರಿಮೋಟಿನ ಕೆಲಸ. ಅಂಗಡಿಯಲ್ಲಿ ಕಣ್ಣು ಕೋರೈಸಲೆಂದು ಏರಿಸಿದ ಕಾಂಟ್ರಾಸ್ಟ್ ಎಷ್ಟೋ ಸೆಟ್ಟುಗಳಲ್ಲಿ ಇಂದಿಗೂ ಹಾಗೆಯೇ ಇರುತ್ತದೆ. ಅದನ್ನು ಇಳಿಸಬೇಕು. ಶಾರ್ಪ್‌ನೆಸ್ ಎಂಬುದು ಚಿತ್ರವನ್ನು ಸ್ಫುಟ ಮಾಡುವುದಿಲ್ಲ, ಪ್ರತಿ ಅಂಚಿಗೂ ಒಂದು ಬಿಳಿ ಗೆರೆ ಬರೆಯುತ್ತದೆ. ಅದನ್ನು ಬಹಳ ಕಡಿಮೆಗೆ ತರಬೇಕು. ಕಪ್ಪು ಕಪ್ಪಾಗಿ ಕಾಣುವಲ್ಲಿ ಬ್ರೈಟ್‌ನೆಸ್ ನಿಲ್ಲಿಸಬೇಕು. ಪಕ್ಕದಲ್ಲಿ ಹಾಡಿನ ಸ್ಪೀಕರ್ ಇದ್ದರೆ ದೂರ ಸರಿಸಬೇಕು, ಅದರ ಅಯಸ್ಕಾಂತಕ್ಕೆ ಪರದೆಯ ಮೂಲೆಯಲ್ಲಿ ನೇರಳೆ ಕಲೆ ಹುಟ್ಟುತ್ತದೆ. ಮತ್ತೆ, ಕಿಟಕಿಯ ಬೆಳಕು ಗಾಜಿಗೆ ಬೀಳದ ಹಾಗೆ ಪರದೆ ಎಳೆದರೆ ಆಯಿತು.

ಪ್ಲೇಸ್ಟೇಷನ್-2 ನಮ್ಮಲ್ಲಿ ಎಷ್ಟು ಹರಡಿತ್ತೆಂದರೆ 2009ರಲ್ಲಿ ಭಾರತದವರೇ ಅದಕ್ಕೆಂದು ಆಟಗಳನ್ನು ಮಾಡಿದರು. 'ಹನುಮಾನ್: ಬಾಯ್ ವಾರಿಯರ್' ಬಂತು, ಕಬಡ್ಡಿಯೂ ಚಿನ್ನಿದಾಂಡೂ ಇದ್ದ 'ದೇಸಿ ಅಡ್ಡಾ' ಬಂತು. ಅವನ್ನು ಆಡಿದ ಮಕ್ಕಳೆಲ್ಲ ಹಳದಿ ವಯರಿನಲ್ಲೇ ಆಡಿರಬೇಕು.

ಆದರೆ ಹಳದಿಯನ್ನು ಪೂರ್ತಿ ತೆಗಳಲು ನನ್ನಿಂದ ಆಗುವುದಿಲ್ಲ. ಅದಕ್ಕಿಂತ ಹಿಂದಿನ ಆಟಗಳ ವಿಷಯಕ್ಕೆ ಬಂದರೆ ಲೆಕ್ಕ ಬೇರೆ. 1991ರ 'ಸೋನಿಕ್' ಆಟದ ಮೊದಲ ಭಾಗದಲ್ಲಿ ಜಲಪಾತಗಳಿವೆ. ಸೇಗಾದ ಮೆಗಾ ಡ್ರೈವ್ ಯಂತ್ರಕ್ಕೆ (1995ರಲ್ಲಿ ಅದನ್ನು ಭಾರತದಲ್ಲಿ ಮಾರಲು ಹೊರಟದ್ದು ಶಾ ವಾಲೇಸ್ ಕಂಪೆನಿ) ಪಾರದರ್ಶಕ ನೀರನ್ನು ಬರೆಯುವ ಶಕ್ತಿಯಿರಲಿಲ್ಲ. ಚಿತ್ರಕಾರರು ಒಂದು ಗೆರೆ ನೀರು, ಒಂದು ಗೆರೆ ಖಾಲಿ ಎಂದು ಸಪೂರ ಗೆರೆಗಳನ್ನು ನಿಲ್ಲಿಸಿದರು. ಒಳ್ಳೆಯ ಕೇಬಲಿನಲ್ಲಿ ನೋಡಿದರೆ ಅದು ಕಿಟಕಿಯ ಸರಳುಗಳ ಸಾಲು. ಹಳದಿ ವಯರಿನಲ್ಲಿ ನೋಡಿದರೆ ಆ ಗೆರೆಗಳು ಕಲಸಿಹೋಗಿ, ಹಿಂದಿನ ಬಂಡೆ ಕಾಣುವ ನಿಜವಾದ ನೀರು ಸುರಿಯುತ್ತದೆ. ಆ ಕಾಲದ ಕಲಾವಿದರು ವಯರಿನ ದೋಷವನ್ನು ಕುಂಚವಾಗಿ ಬಳಸಿದರು. ಹಾಗಾಗಿ ಒಳ್ಳೆಯ ಚಿತ್ರ ಎಂದರೆ ಯಾವುದು ಎಂಬುದನ್ನು ಆಟವನ್ನು ನೋಡಿ ನಿರ್ಧರಿಸಬೇಕು, ವಯರಿನ ಬೆಲೆ ನೋಡಿ ಅಲ್ಲ.

ನಮ್ಮ ಕಾಲದ 'ಟೀವಿ ಗೇಮ್' ಇನ್ನೂ ಹಿಂದಿನದು. ಜಪಾನಿನ ನಿಂಟೆಂಡೊ 1983ರಲ್ಲಿ ತಂದ ಫ್ಯಾಮಿಕಾಮಿನ ನಕಲುಗಳು ಮೀಡಿಯಾ, ಲಿಟಲ್ ಮಾಸ್ಟರ್ ಮುಂತಾದ ಹೆಸರುಗಳಲ್ಲಿ ತೊಂಬತ್ತರ ದಶಕದಲ್ಲಿ ಊರೂರಿಗೂ ಬಂದವು. ಆಟದ ಚಿಪ್ಪಿಗೆ ನಾವು ಕ್ಯಾಸೆಟ್ಟು ಎನ್ನುತ್ತಿದ್ದೆವು. ಆಂಟೆನಾದ ತೂತಿಗೆ ಪೆಟ್ಟಿಗೆ ಸಿಕ್ಕಿಸಿ, ಟೀವಿಯ ಮುಂಭಾಗದ ಸಣ್ಣ ಬಾಗಿಲು ತೆರೆದು, ಚಕ್ರ ತಿರುಗಿಸಿ ತಿರುಗಿಸಿ ಮಾರಿಯೋನನ್ನು ಮಳೆಯಂಥ ಚುಕ್ಕಿಗಳಿಂದ ಹೊರಗೆ ತರಬೇಕಿತ್ತು. ಆ ಪೆಟ್ಟಿಗೆ ಆಟದ ಚಿತ್ರವನ್ನೂ ಸದ್ದನ್ನೂ ಒಂದು ಸಣ್ಣ ಪ್ರಸಾರವಾಗಿ ಮಾಡಿ ಟೀವಿಗೆ ಕಳಿಸುತ್ತಿತ್ತು. ಅಂಥ ಯಂತ್ರದ ಬದಿಯಲ್ಲಿ ಹಳದಿ ತೂತೂ ಇದ್ದರೆ ಅದಕ್ಕೆ ಹೋಗುವುದೇ ದೊಡ್ಡ ಸುಧಾರಣೆ. ಟೀವಿಯಲ್ಲಿ ಹಳದಿ ಇಲ್ಲದೆ ಬರೇ ಆಂಟೆನಾ ಇದ್ದು, ನಂತರದ ಯಂತ್ರವೊಂದನ್ನು ಅದಕ್ಕೆ ಜೋಡಿಸಬೇಕಾದರೆ ಹಳೆಯ ವಿಸಿಆರ್ ನಡುವೆ ನಿಲ್ಲುತ್ತದೆ: ಹಳದಿಯನ್ನು ಒಳಗೆ ತೆಗೆದುಕೊಂಡು ಆಂಟೆನಾದ ವಯರಿನಲ್ಲಿ ಹೊರಗೆ ಕೊಡುತ್ತದೆ. ಮದುವೆಯ ಕ್ಯಾಸೆಟ್ಟಿಗೆಂದು ಇಟ್ಟುಕೊಂಡ ವಿಸಿಆರಿಗೆ ಹೀಗೊಂದು ಕೆಲಸ ಸಿಕ್ಕಬಹುದು.

ಆ ಯಂತ್ರಗಳ ಜೊತೆ ಬಂದೂಕೂ ಬರುತ್ತಿತ್ತು, 1984ರ 'ಡಕ್ ಹಂಟ್' ಆಟಕ್ಕೆ. ಇದು ತೆಳು ಟೀವಿಯಲ್ಲಿ ಏಕೆ ನಡೆಯುವುದಿಲ್ಲ ಎಂಬುದು ಬಹಳ ಸುಂದರ ಸಂಗತಿ. ಕುದುರೆ ಎಳೆದ ಕ್ಷಣ ಆಟ ಪರದೆಯನ್ನು ಪೂರ್ತಿ ಕಪ್ಪು ಮಾಡುತ್ತದೆ, ಮರುಕ್ಷಣ ಬಾತುಕೋಳಿಯ ಜಾಗದಲ್ಲಿ ಒಂದು ಬಿಳಿ ಚೌಕ ತೋರಿಸುತ್ತದೆ. ಬಂದೂಕು ಗುಂಡು ಹೊಡೆಯುವುದಿಲ್ಲ, ಅದರ ನಳಿಕೆಯಲ್ಲಿರುವುದು ಒಂದು ಕಣ್ಣು. ಆ ಚೌಕದ ಬೆಳಕನ್ನು ಅದು ಕಂಡರೆ ಬಾತು ಬಿತ್ತು. ದೀಪಕ್ಕೋ ಬಿಸಿಲಿಗೋ ಗುರಿಯಿಟ್ಟು ಮೋಸ ಮಾಡದಂತೆ, ಟೀವಿಯ ಗೆರೆಗಳು ಎಳೆಯುವ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 15 ಸಾವಿರ ಸಲ ಮಿಡಿಯುವ ಬೆಳಕನ್ನು ಮಾತ್ರ ಅದು ನಂಬುತ್ತದೆ. ತೆಳು ಟೀವಿಯ ಬೆಳಕು ಹಾಗೆ ಮಿಡಿಯುವುದಿಲ್ಲ, ಚೌಕವೂ ತಡವಾಗಿ ಬರುತ್ತದೆ. ಆ ಮಿಡಿತಕ್ಕೆ ಸದ್ದೂ ಉಂಟು. ಪಾಲ್ ಟೀವಿಯಲ್ಲಿ ಅದು ಸೆಕೆಂಡಿಗೆ 15,625. ಮಕ್ಕಳ ಕಿವಿಗೆ ಸೂಜಿಯಷ್ಟು ಸಪೂರ ಕೀರಲಾಗಿ ಕೇಳುತ್ತದೆ, ವಯಸ್ಸಾದಂತೆ ಕೇಳದಾಗುತ್ತದೆ. ಹುಡುಗ ಮೆಟ್ಟಿಲ ಕೆಳಗಿನಿಂದಲೇ "ಟೀವಿ ಆನ್ ಉಂಟು" ಎನ್ನುತ್ತಿದ್ದ. ನನಗೆ ಆ ಸದ್ದು ಈಗ ಇಲ್ಲ.

ಮಳೆಗಾಲದ ಬಗ್ಗೆ ಒಂದು ಮಾತು. ಆಟಿ ತಿಂಗಳ ತೇವದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಟೀವಿಯನ್ನು ಒಮ್ಮೆಲೇ ಹಚ್ಚಿದರೆ ಒಳಗೆ ಚಿಟಿಚಿಟಿ ಎನ್ನುತ್ತದೆ, ಆ ಸಾವಿರಾರು ವೋಲ್ಟು ತೇವದಲ್ಲಿ ದಾರಿ ಹುಡುಕುವ ಸದ್ದು ಅದು. ವಾರಕ್ಕೊಮ್ಮೆ ಸ್ವಲ್ಪ ಹೊತ್ತು ಓಡಿಸಿದರೆ ಅದರ ಸ್ವಂತ ಬಿಸಿಯೇ ಅದನ್ನು ಒಣಗಿಸುತ್ತದೆ. ಮೇ ತಿಂಗಳಲ್ಲೂ ಅಕ್ಟೋಬರಿನಲ್ಲೂ ಸಂಜೆ ಸಿಡಿಲು ಬರುವ ಹೊತ್ತಿಗೆ ಪ್ಲಗ್ಗನ್ನೂ ಕೇಬಲನ್ನೂ ಕಿತ್ತಿಡಬೇಕು. ಈ ಟೀವಿಗಳನ್ನು ಈಗ ಯಾರೂ ಮಾಡುವುದಿಲ್ಲ, ಟ್ಯೂಬು ಒಡೆದರೆ ಇನ್ನೊಂದು ಸಿಗುವುದಿಲ್ಲ. ಎಸೆಯಲೇಬೇಕಾಗಿ ಬಂದರೂ ರಸ್ತೆ ಬದಿಗೆ ಎಸೆಯಬಾರದು, ಆ ದಪ್ಪ ಗಾಜಿನಲ್ಲಿ ಸೀಸವಿದೆ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು.

ರಜೆ ಮುಗಿದು ಹುಡುಗ ಬೆಂಗಳೂರಿಗೆ ಹೋದ. ಯಂತ್ರವನ್ನೂ ಕೇಬಲನ್ನೂ ಕೊಂಡುಹೋದ, ಟ್ರಿನಿಟ್ರಾನನ್ನು ಕೊಂಡುಹೋಗಲು ಆಗಲಿಲ್ಲ. ಮೊನ್ನೆ ಫೋನ್ ಮಾಡಿ, ಅವರ ಬಡಾವಣೆಯಲ್ಲಿ ಯಾರೋ ಮನೆ ಖಾಲಿ ಮಾಡುತ್ತಿದ್ದಾರೆ, ದಪ್ಪ ಟೀವಿ ಸುಮ್ಮನೆ ಕೊಡುತ್ತಾರಂತೆ, ಯಾವುದನ್ನು ನೋಡಬೇಕು ಎಂದು ಕೇಳಿದ. ಅಕ್ಕ ಪಕ್ಕದಲ್ಲಿ ನಿಂತು ಜಾಗ ಇಲ್ಲ ಎನ್ನುವುದು ಕೇಳುತ್ತಿತ್ತು. 21 ಇಂಚಿನದು ಸಾಕು, ಇಬ್ಬರು ಹೊರಬಹುದು ಎಂದೆ. ಹಸಿರು, ನೀಲಿ, ಕೆಂಪು ಮೂರೂ ಉಂಟೋ ನೋಡು, ಇಲ್ಲದಿದ್ದರೆ ನಾಲ್ಕು ಸೂಜಿಯದಾದರೂ ಇರಲಿ. ಬಿಳಿ ಚಿತ್ರ ಹಾಕಿಸಿ ಮೂಲೆಗಳಲ್ಲಿ ಬಣ್ಣದ ಕಲೆ ಉಂಟೋ ನೋಡು, ಇದ್ದರೂ ಹೆದರಬೇಡ, ಸ್ವಿಚ್ ಆರಿಸಿ ಅರ್ಧ ಗಂಟೆ ಬಿಟ್ಟು ಹಚ್ಚಿದರೆ ಹೆಚ್ಚಾಗಿ ಹೋಗುತ್ತದೆ. ಮತ್ತೆ ರಿಮೋಟ್ ಕೇಳಿ ತೆಗೆದುಕೊ, ಮರೆಯಬೇಡ, ಕೆಲವು ಸೆಟ್ಟುಗಳಲ್ಲಿ ರಿಮೋಟ್ ಇಲ್ಲದೆ ಕಾಂಪೊನೆಂಟಿಗೆ ಹೋಗಲು ದಾರಿಯೇ ಇಲ್ಲ.